ರವಿಕೆಯಲ್ಲಿ ರವಿ ಇಲ್ಲ, ಹೆಲಿಕಾಪ್ಟರಿನಲ್ಲಿ ಸೂರ್ಯನಿಲ್ಲ

ರವಿವಾರ ಎಂಬ ಮಾತಿನಲ್ಲಿ ರವಿ ಇದ್ದಾನೆ. ರವಿ ಎಂದರೆ ಸೂರ್ಯ. ಅವನ ಹೆಸರಿನ ವಾರ ಅದು. ಹಾಗಾದರೆ ರವಿಕೆಯಲ್ಲಿ? ಅಲ್ಲೂ ಮೊದಲ ಎರಡು ಅಕ್ಷರ ರ ಮತ್ತು ವಿ. ಆದರೂ ಅಜ್ಜಿ ತೊಡುವ ರವಿಕೆಗೂ ಆಕಾಶದ ಸೂರ್ಯನಿಗೂ ಯಾವ ನಂಟೂ ಇಲ್ಲ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನವೂ ಆಡುವ ಭಾಷೆಯಲ್ಲಿ ಇಂಥದ್ದೆಲ್ಲ ಕಿವಿಗೇ ಗೊತ್ತಾಗಿಬಿಡುತ್ತದೆ.

ಪಾಠದ ಪುಸ್ತಕದ ಇಂಗ್ಲಿಷ್ ಪದಗಳ ವಿಷಯ ಬೇರೆ. ಹೀಲಿಯಂ ಎಂಬ ಅನಿಲದ ಹೆಸರು ಕೇಳಿದ್ದೀರಿ. ಹೆಲಿಕಾಪ್ಟರನ್ನಂತೂ ಸದ್ದು ಕೇಳಿದೊಡನೆ ಅಂಗಳಕ್ಕೆ ಓಡಿಬಂದು ನೋಡಿದ್ದೀರಿ. ಎರಡನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಿ. ಮೊದಲ ನಾಲ್ಕು ಅಕ್ಷರ ಒಂದೇ: ಎಚ್, ಇ, ಎಲ್, ಐ. ಬಲೂನನ್ನು ಮೇಲಕ್ಕೆ ಒಯ್ಯುವುದು ಹೀಲಿಯಂ. ತಾನೇ ಮೇಲಕ್ಕೆ ಏರುವುದು ಹೆಲಿಕಾಪ್ಟರ್. ‘ಹಾಗಾದರೆ ಹೆಲಿಕಾಪ್ಟರಿನ ಹೊಟ್ಟೆಯಲ್ಲಿ ಹೀಲಿಯಂ ತುಂಬಿರುತ್ತಾರಾ?’ ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಿದರೆ ದಯವಿಟ್ಟು ನಗಬೇಡಿ. ಅಕ್ಷರಗಳನ್ನು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಉತ್ತರ ‘ಇಲ್ಲ’ ಎಂಬುದು ನಿಜ. ಯಾಕೆ ಇಲ್ಲ ಎಂದು ಹುಡುಕಲು ಹೊರಟರೆ ದಾರಿ ಸೂರ್ಯಗ್ರಹಣದಿಂದ ಬಸವನ ಹುಳುವಿನವರೆಗೆ ಹೋಗುತ್ತದೆ.

ಮೊದಲು ಹೀಲಿಯಂ. ಅದರೊಳಗೆ ಸೂರ್ಯ ನಿಜವಾಗಿಯೂ ಇದ್ದಾನೆ.

ಗ್ರೀಕರು ಸೂರ್ಯನನ್ನು ಹೀಲಿಯೋಸ್ ಎನ್ನುತ್ತಿದ್ದರು. ಕೇಳಲು ದೂರದ ಪದ ಎನ್ನಿಸಿದರೂ ಇದು ಸಂಸ್ಕೃತದ ‘ಸೂರ್ಯ’ ಪದದ ದಾಯಾದಿ. ಎರಡಕ್ಕೂ ಬೇರು ಒಂದೇ. ಹಳೆಯ ಕಾಲದಲ್ಲಿ ಪದದ ಮೊದಲಿಗೆ ಇದ್ದ ‘ಸ’ಕಾರ ಗ್ರೀಕರ ಬಾಯಲ್ಲಿ ‘ಹ’ ಆಯಿತು. ನಮ್ಮ ‘ಸಪ್ತ’ ಅವರಲ್ಲಿ ‘ಹೆಪ್ಟಾ’ ಆಗಿದ್ದೂ ಹೀಗೆಯೇ. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿದೆಯಲ್ಲ, ಹಾಗೆ ಕೆಲವು ಭಾಷೆಗಳು ತಮಗೆ ಬೇಕಾದ ಕಡೆ ‘ಹ’ಕಾರ ತಂದುಕೊಳ್ಳುತ್ತವೆ.

ಈ ಹೀಲಿಯೋಸನ ಹೆಸರು ಒಂದು ಅನಿಲಕ್ಕೆ ಬಂದ ಕಥೆ ನಡೆದದ್ದು ಹೆಚ್ಚಾಗಿ ನಮ್ಮ ನಾಡಿನ ಆಕಾಶದಲ್ಲೇ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಒಳಬಂದು, ದಖ್ಖನ್ ದಾಟಿ, ಗುಂಟೂರು, ಮಚಲೀಪಟ್ಟಣಗಳ ಮೇಲೆ ಹಾದು ಸಮುದ್ರಕ್ಕೆ ಇಳಿಯಿತು. ಐದು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲು ಕತ್ತಲಾಯಿತು. ಫ್ರಾನ್ಸಿನಿಂದ ಬಂದಿದ್ದ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ದೂರದರ್ಶಕ ಹೂಡಿ ಕುಳಿತಿದ್ದರು. ನಮ್ಮ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಯುವ ಸೇನಾಧಿಕಾರಿ ಕಾಯುತ್ತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಈತ. ಆಗಸ್ಟ್ ಅಂದರೆ ಮಳೆಗಾಲ. ಜಮಖಂಡಿಯ ಆಕಾಶದ ತುಂಬ ಮೋಡ. ಮೋಡಗಳ ನಡುವೆ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಅವರು ಸೂರ್ಯನ ಅಂಚಿನ ಬೆಳಕನ್ನು ರೋಹಿತದರ್ಶಕದಲ್ಲಿ ಹಿಡಿದರು.

ರೋಹಿತದರ್ಶಕ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸಲಕರಣೆ. ಕಾದ ಅನಿಲ ಪ್ರತಿಯೊಂದೂ ತನ್ನದೇ ಆದ ಬಣ್ಣದ ಗೆರೆಗಳನ್ನು ಮೂಡಿಸುತ್ತದೆ. ಒಲೆಯ ಮೇಲಿನ ಸಾರು ಉಕ್ಕಿ ಉರಿಗೆ ಬಿದ್ದಾಗ ನೀಲಿ ಜ್ವಾಲೆ ಒಮ್ಮೆಗೇ ಹಳದಿ ಆಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಲ್ಲ? ಅದು ಉಪ್ಪಿನಲ್ಲಿರುವ ಸೋಡಿಯಂ ತನ್ನ ಗುರುತು ಹೇಳುವ ಬಗೆ. ಹರ್ಷೆಲ್ ಜಮಖಂಡಿಯಲ್ಲಿ ಕಂಡದ್ದು ಮೂರು ಹೊಳೆಯುವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ನಡುವಿನ ಆ ಗೆರೆ ಸೋಡಿಯಂನದೇ ಇರಬೇಕು ಎಂದು ಅಂದು ಗ್ರಹಣ ನೋಡಿದವರು ತಿಳಿದರು. ಸೋಡಿಯಂನ ಗೆರೆ ಇರುವ ಜಾಗಕ್ಕೆ ಅದು ಅಷ್ಟು ಹತ್ತಿರವಿತ್ತು.

ಎರಡು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಅದೇ ಗೆರೆಯನ್ನು ನೋಡಿದರು. ಲಾಕ್ಯರ್ ಹೊಟ್ಟೆಪಾಡಿಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಆಕಾಶ ನೋಡುವುದು ಬಿಡುವಿನ ಹುಚ್ಚು. (‘ನೇಚರ್’ ಎಂಬ ಹೆಸರಾಂತ ವಿಜ್ಞಾನ ಪತ್ರಿಕೆಯನ್ನು ಮರುವರ್ಷ ಶುರುಮಾಡಿದವರೂ ಇವರೇ.) ಜಾಗ ಅಳೆದು ನೋಡಿದರೆ ಗೆರೆ ಸೋಡಿಯಂನದಲ್ಲ, ತುಸು ಪಕ್ಕಕ್ಕೆ ಇದೆ. ಭೂಮಿಯ ಮೇಲೆ ಗೊತ್ತಿದ್ದ ಯಾವ ವಸ್ತುವಿನದೂ ಅಲ್ಲ. ಸೂರ್ಯನಲ್ಲಿ ಮಾತ್ರ ಕಂಡದ್ದರಿಂದ ಹೀಲಿಯೋಸನ ಹೆಸರಿಟ್ಟು ಹೀಲಿಯಂ ಎಂದರು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇದ್ದ ಒಂದು ಅದಿರಿನಿಂದ ಹೊರಟ ಅನಿಲವನ್ನು ಪರೀಕ್ಷಿಸಿದಾಗ. ಮನೆಯಲ್ಲಿ ಸಿಗುವ ಮೊದಲೇ ಸೂರ್ಯನಲ್ಲಿ ಸಿಕ್ಕ ಧಾತು ಇದು!

ಹೆಸರಿನ ಬಾಲದಲ್ಲೂ ಒಂದು ತಮಾಷೆ ಇದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ಲೋಹಗಳು. ಹೀಲಿಯಂಗೂ ‘ಇಯಂ’ ಬಾಲ ಅಂಟಿಸಿದ್ದು ಅದೂ ಲೋಹವೇ ಎಂಬ ಊಹೆಯಿಂದ. ಅದರ ಹತ್ತಿರದ ನೆಂಟರಾದ ನಿಯಾನ್, ಆರ್ಗಾನ್‌ಗಳನ್ನು ನೋಡಿದರೆ ‘ಹೀಲಿಯಾನ್’ ಎಂದಾಗಬೇಕಿತ್ತು. ತಪ್ಪು ಬಾಲ ಹಾಗೆಯೇ ಉಳಿದುಬಿಟ್ಟಿತು. ಹೆಸರಿನ ತಲೆ ಮಾತ್ರ ಚೆನ್ನಾಗಿ ಕೂತಿದೆ, ಅಂದು ಇಟ್ಟವರು ಎಣಿಸಿದ್ದಕ್ಕಿಂತ ಚೆನ್ನಾಗಿ. ಸೂರ್ಯನ ಒಡಲಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತಿದೆ. ನಮಗೆ ಬರುವ ಬಿಸಿಲೆಲ್ಲ ಆ ಬೆಸುಗೆಯದೇ.

ಈ ಮನೆತನದ ಉಳಿದವರನ್ನು ಬೇಗ ನೋಡಿಬಿಡೋಣ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು 1543ರಲ್ಲಿ ಅಚ್ಚಾದ ಪುಸ್ತಕದಲ್ಲಿ ಕೋಪರ್ನಿಕಸ್ ಹೇಳಿದ ಲೆಕ್ಕಕ್ಕೆ ಹೀಲಿಯೋಸೆಂಟ್ರಿಕ್ ಎನ್ನುತ್ತಾರೆ, ಅಂದರೆ ಸೂರ್ಯಕೇಂದ್ರಿತ. ಕನ್ನಡಿಯಿಂದ ಬಿಸಿಲು ಮಿನುಗಿಸಿ ದೂರದ ಬೆಟ್ಟಕ್ಕೆ ಸುದ್ದಿ ಕಳಿಸುವ ಸಾಧನ ಹೀಲಿಯೋಗ್ರಾಫ್. ತಂತಿ ಇಲ್ಲ, ಕರೆಂಟು ಬೇಡ, ಬಿಸಿಲಿದ್ದರೆ ಸಾಕು. 1894ರಲ್ಲಿ ಅಮೆರಿಕದ ಎರಡು ಬೆಟ್ಟಗಳ ನಡುವೆ 290 ಕಿಲೋಮೀಟರಿಗೂ ಹೆಚ್ಚು ದೂರ ಹೀಗೆ ಮಾತುಕತೆ ನಡೆದಿದೆ. ಎಳೆಯ ಸೂರ್ಯಕಾಂತಿ ಗಿಡ ಬೆಳಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ಮುಖ ತಿರುಗಿಸುವುದು ಹೀಲಿಯೋಟ್ರೋಪಿಸಂ. (ಹೂ ಬಲಿತ ಮೇಲೆ ಅದು ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಚಾಮರಾಜನಗರದ ಕಡೆ ಹೊಲಗಳಲ್ಲಿ ಸಂಜೆ ನೋಡಿ ಬೇಕಾದರೆ.) ಸೂರ್ಯನ ಗಾಳಿ ಹರಡಿರುವ ಎಲ್ಲೆ ಹೀಲಿಯೋಪಾಸ್. ವಾಯೇಜರ್ 1 ನೌಕೆ 2012ರ ಆಗಸ್ಟ್‌ನಲ್ಲಿ ಅದನ್ನು ದಾಟಿ ಹೋಯಿತು. ಇನ್ನು ನಮ್ಮದೇ ಆದಿತ್ಯ-ಎಲ್1 ನೌಕೆ. 2023ರ ಸೆಪ್ಟೆಂಬರ್ 2ರಂದು ಹೊರಟ ಅದರಲ್ಲಿ ಸೂರ್ಯನ ಎಕ್ಸ್‌-ಕಿರಣ ಅಳೆಯುವ ಬೆಂಗಳೂರಿನ ಉಪಕರಣವೊಂದಿದೆ. ಅದರ ಹೆಸರೂ ಹೀಲಿಯೋಸ್. ನಮ್ಮ ವಿಜ್ಞಾನಿಗಳು ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಐ’ ಅಕ್ಷರದ ಬದಲು ಒಂದರ ಅಂಕಿ ಹಾಕಿದ್ದಾರೆ. ನೌಕೆ ನಿಂತಿರುವ ‘ಎಲ್1’ ಎಂಬ ಜಾಗದ ಹೆಸರು ನಡುವೆ ಅಡಗಿ ಕೂರಲಿ ಎಂದು. ವಿಜ್ಞಾನಿಗಳಿಗೂ ಅಕ್ಷರದಾಟ ಇಷ್ಟ.

ಈಗ ಹೆಲಿಕಾಪ್ಟರ್.

ಕನ್ನಡ ವ್ಯಾಕರಣದ ಪರೀಕ್ಷೆಯಲ್ಲಿ ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆ ಬರುತ್ತದಲ್ಲ. ಮಳೆಗಾಲವನ್ನು ಬಿಡಿಸಿ ಎಂದರೆ ಅವಸರದ ಹುಡುಗ ‘ಮಳೆ + ಗಾಲ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ‘ಗಾಲ’ ಎಂದರೇನಪ್ಪ? ಅಂಥ ಪದವೇ ಇಲ್ಲ. ಅದು ‘ಮಳೆ + ಕಾಲ’. ಹೆಲಿಕಾಪ್ಟರನ್ನು ‘ಹೆಲಿ + ಕಾಪ್ಟರ್’ ಎಂದು ಬಿಡಿಸುವುದೂ ಇಂಥದೇ ಅವಸರ. ಕಾಪ್ಟರ್ ಎಂಬ ಪದ ಗ್ರೀಕಿನಲ್ಲಿ ಇಲ್ಲ. ಸರಿಯಾಗಿ ಬಿಡಿಸಿದರೆ ‘ಹೆಲಿಕೊ + ಪ್ಟೆರ್’. ಹೆಲಿಕ್ಸ್ ಎಂದರೆ ಸುರುಳಿ, ಪ್ಟೆರಾನ್ ಎಂದರೆ ರೆಕ್ಕೆ. ಸುರುಳಿ ಸುತ್ತುವ ರೆಕ್ಕೆಯುಳ್ಳದ್ದು ಹೆಲಿಕಾಪ್ಟರ್. 1861ರಲ್ಲಿ ಫ್ರಾನ್ಸಿನ ಪೊಂತೊಂ ದಾಮೆಕೂರ್ ಎಂಬವರು ಕಟ್ಟಿದ ಹೆಸರು ಇದು. ಅವರು ಮಾಡಿದ ಉಗಿ ಯಂತ್ರದ ಪುಟ್ಟ ಮಾದರಿ ಹಾರಲೇ ಇಲ್ಲ. ಹೆಸರು ಮಾತ್ರ ಜಗತ್ತೆಲ್ಲ ಹಾರಾಡುತ್ತಿದೆ.

ಸುರುಳಿ ಎಲ್ಲಿಂದ ಬಂತು ಎನ್ನುತ್ತೀರಾ? ಹೆಲಿಕಾಪ್ಟರ್ ನೆಟ್ಟಗೆ ಮೇಲೇರುವಾಗ ಅದರ ರೆಕ್ಕೆಯ ತುದಿಗೆ ಒಂದು ಬಣ್ಣದ ಹೊಗೆಬತ್ತಿ ಕಟ್ಟಿದೆ ಎಂದುಕೊಳ್ಳಿ. ತುದಿ ಸುತ್ತುತ್ತಲೂ ಇದೆ, ಏರುತ್ತಲೂ ಇದೆ. ಗಾಳಿಯಲ್ಲಿ ಮೂಡುವ ಗೆರೆ ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗಿರುತ್ತದೆ. ಸುತ್ತುತ್ತ ಮುಂದಕ್ಕೂ ಸಾಗುವ ಈ ಆಕಾರಕ್ಕೇ ಹೆಲಿಕ್ಸ್ ಎನ್ನುವುದು. ಚಕ್ಕುಲಿ, ಸೊಳ್ಳೆ ಬತ್ತಿ ಹೆಲಿಕ್ಸ್ ಅಲ್ಲ. ಅವು ತಟ್ಟೆಯ ಮೇಲೆ ಮಟ್ಟಸವಾಗಿ ಮಲಗಿಕೊಳ್ಳುತ್ತವೆ. ತಿರುಪಿನ ಮೊಳೆ ಹೆಲಿಕ್ಸ್. ಹಾಗಲ ಬಳ್ಳಿ ಚಪ್ಪರದ ಕಡ್ಡಿಗೆ ಸುತ್ತಿಕೊಳ್ಳುವ ಎಳೆ ಹೆಲಿಕ್ಸ್.

ರೆಕ್ಕೆಯ ‘ಪ್ಟೆರ್’ ಇನ್ನೂ ಸೊಗಸು. ಡೈನೋಸಾರುಗಳ ಕಾಲದಲ್ಲಿ ಹಾರುತ್ತಿದ್ದ ಟೆರೊಡಾಕ್ಟೈಲ್ ಎಂಬ ಪ್ರಾಣಿಯ ಹೆಸರನ್ನು ಇಂಗ್ಲಿಷಿನಲ್ಲಿ ‘ಪಿ’ ಅಕ್ಷರದಿಂದ ಬರೆದು, ಓದುವಾಗ ಆ ‘ಪಿ’ಯನ್ನು ನುಂಗಿಬಿಡುತ್ತಾರೆ. ಆ ‘ಪ್ಟೆರ್’ ಇದೇ. ರೆಕ್ಕೆ-ಬೆರಳು ಎಂದು ಅದರ ಅರ್ಥ. ಆ ಪ್ರಾಣಿಯ ರೆಕ್ಕೆ ಹರಡಿಕೊಂಡಿದ್ದು ಒಂದೇ ಒಂದು ಉದ್ದ ಬೆರಳಿನ ಆಸರೆಯಲ್ಲಿ. ಸೊಳ್ಳೆ, ನೊಣಗಳ ಗುಂಪಿನ ಹೆಸರು ಡಿಪ್ಟೆರಾ, ಎರಡು ರೆಕ್ಕೆಯವು. ಚಿಟ್ಟೆಗಳದು ಲೆಪಿಡಾಪ್ಟೆರಾ, ಹುರುಪೆ ರೆಕ್ಕೆಯವು. ಚಿಟ್ಟೆ ಮುಟ್ಟಿದಾಗ ಬೆರಳಿಗಂಟುವ ಪುಡಿಯೇ ಆ ಹುರುಪೆ. ಬಾವಲಿಗಳದು ಕೈರಾಪ್ಟೆರಾ, ಕೈಯೇ ರೆಕ್ಕೆಯಾದವು. ಹೀಗೆ ಹೆಲಿಕಾಪ್ಟರಿಗೆ ಹೀಲಿಯಂ ನೆಂಟನಲ್ಲದಿದ್ದರೂ ಸೊಳ್ಳೆ ನೆಂಟ.

ಆದರೆ ಬಳಸುವ ಜನ ವ್ಯಾಕರಣದ ಮೇಷ್ಟ್ರನ್ನು ಕೇಳಿ ಬಳಸುವುದಿಲ್ಲ. ಅವರು ತಮಗೆ ತೋಚಿದ ಕಡೆ ಕತ್ತರಿಸಿದರು. ಹೆಲಿಕಾಪ್ಟರ್ ಇಳಿಯುವ ಜಾಗ ಹೆಲಿಪ್ಯಾಡ್ ಆಯಿತು. ನಮ್ಮ ಪತ್ರಿಕೆಗಳಲ್ಲಿ ಮಂತ್ರಿಗಳು ಬಂದಾಗಲೆಲ್ಲ ಓದುವ ಪದ. ಇನ್ನರ್ಧ ತುಂಡು ಮದುವೆ ಮನೆಯಲ್ಲಿ ಫೋಟೋ ತೆಗೆಯುವ ನಾಲ್ಕು ರೆಕ್ಕೆಯ ಡ್ರೋನಿಗೆ ಅಂಟಿ ಕ್ವಾಡ್‌ಕಾಪ್ಟರ್ ಆಯಿತು. ಸುರುಳಿಯ ಬಾಲ, ರೆಕ್ಕೆಯ ಜೊತೆ ಸಿಕ್ಕಿಕೊಂಡು ಹಾರುತ್ತಿದೆ. ತಪ್ಪು ಎಂದು ಇದನ್ನು ತಿದ್ದಲು ಹೋಗುವುದು ವ್ಯರ್ಥ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಕಟ್ಟಿರುವ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆಯಲ್ಲೂ ‘ಹೆಲಿಕೊಪ್ಯಾಡ್’ ಎನ್ನುವವರು ಒಬ್ಬರೂ ಸಿಗಲಾರರು.

ಸುರುಳಿಯ ಮನೆತನವೂ ಸಣ್ಣದಲ್ಲ. ನಿಮ್ಮ ಕಿವಿಯ ಹೊರ ಅಂಚನ್ನು ಮೇಲಿನಿಂದ ಕೆಳಗೆ ಬೆರಳಿನಲ್ಲಿ ಸವರಿ. ಒಳಕ್ಕೆ ಮಡಿಸಿಕೊಂಡ ಆ ಅಂಚಿಗೆ ವೈದ್ಯರು ಹೆಲಿಕ್ಸ್ ಎಂದೇ ಹೆಸರಿಟ್ಟಿದ್ದಾರೆ. ಯುರೋಪಿನ ತೋಟಗಳಲ್ಲಿ ಹರಿದಾಡುವ ಒಂದು ಜಾತಿಯ ಬಸವನ ಹುಳುವಿಗೂ ಅದೇ ಹೆಸರು. ಬೆನ್ನ ಮೇಲಿನ ಚಿಪ್ಪು ನೋಡಿದರೆ ಯಾಕೆಂದು ಕೇಳಬೇಕಿಲ್ಲ. ನೀವು ಅಪ್ಪನನ್ನೋ ಅಮ್ಮನನ್ನೋ ಹೋಲುವುದಕ್ಕೆ ಕಾರಣವಾದ ಡಿಎನ್‌ಎ ಎರಡೆಳೆಯ ಹೆಲಿಕ್ಸ್. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಎಕ್ಸ್‌-ಕಿರಣ ಚಿತ್ರದ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ರೂಪ ಬಿಡಿಸಿದರು. ಮರುವರ್ಷವೇ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, ನಮ್ಮ ಚರ್ಮ, ಮೂಳೆಗಳನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜನ್ ಮೂರೆಳೆಯ ಹೆಲಿಕ್ಸ್ ಎಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅಲ್ಲಿಗೇ ಪ್ರಾಧ್ಯಾಪಕರಾಗಿ ಮರಳಿದರು. ವಾಟ್ಸನ್, ಕ್ರಿಕ್ ಹೆಸರು ಗೊತ್ತಿರುವಷ್ಟು ನಮ್ಮ ಮಕ್ಕಳಿಗೆ ಇವರ ಹೆಸರು ಗೊತ್ತಿಲ್ಲ ಎಂಬುದು ನನಗೆ ಸರಿಕಾಣುವುದಿಲ್ಲ.

ಇದೇ ಮನೆತನದ ಕೆಟ್ಟ ಹುಡುಗ ಹೆಲಿಕೋಬ್ಯಾಕ್ಟರ್. ಹೊಟ್ಟೆಯ ಲೋಳೆಯೊಳಗೆ ತಿರುಪಿನಂತೆ ಕೊರೆದುಕೊಂಡು ಹೋಗುವ ಸುರುಳಿ ಬ್ಯಾಕ್ಟೀರಿಯಾ ಅದು. ಹೊಟ್ಟೆಹುಣ್ಣು ಬರುವುದು ಚಿಂತೆಯಿಂದ, ಖಾರದಿಂದ ಎಂದೇ ಹಿಂದೆ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಬಹುಪಾಲು ಹುಣ್ಣುಗಳಿಗೆ ಈ ಜೀವಿ ಕಾರಣ ಎಂದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ್ದ ನೀರನ್ನು ತಾವೇ ಕುಡಿದರು! ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆಯ ಒಳಪದರದಲ್ಲಿ ಉರಿಯೂತ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ನೊಬೆಲ್‌ಗೆ ಬೇರೆ ದಾರಿಗಳೂ ಇವೆ. ಈ ದಾರಿ ನೀವು ಹಿಡಿಯಬೇಡಿ.

ಎರಡು ಮನೆತನಗಳನ್ನೂ ನೋಡಿದೆವು. ಒಂದು ಸೂರ್ಯನದು, ಒಂದು ಸುರುಳಿಯದು. ಆದರೆ ಒಂದು ಮಾತು ಉಳಿದಿದೆ. ಇಷ್ಟು ಬೇರೆ ಬೇರೆ ಪದಗಳು ಒಂದೇ ನಾಲ್ಕು ಅಕ್ಷರದ ಬಾಗಿಲಲ್ಲಿ ಬಂದು ನಿಂತದ್ದು ಹೇಗೆ?

ಇದರಲ್ಲಿ ಗ್ರೀಕರ ಪಾಲು ಏನೂ ಇಲ್ಲ. ಅವರ ಬರವಣಿಗೆಯಲ್ಲಿ ಗೊಂದಲವೇ ಇರಲಿಲ್ಲ. ನಮಗೆ ‘ಎ’ ಬೇರೆ, ‘ಏ’ ಬೇರೆ. ‘ಎಳು’ ಎಂದು ಬರೆದರೆ ‘ಏಳು’ ಆಗುವುದಿಲ್ಲ. ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಗ್ರೀಕರಲ್ಲೂ ಹಾಗೆಯೇ ಎರಡು ಅಕ್ಷರಗಳಿದ್ದವು. ಗಿಡ್ಡ ‘ಎ’ಗೆ ಎಪ್ಸಿಲಾನ್, ಉದ್ದ ‘ಏ’ಗೆ ಈಟಾ. ಸೂರ್ಯನನ್ನು ಅವರು ಉದ್ದ ಅಕ್ಷರದಿಂದ ಬರೆಯುತ್ತಿದ್ದರು, ಸುರುಳಿಯನ್ನು ಗಿಡ್ಡ ಅಕ್ಷರದಿಂದ. ಕನ್ನಡ ಲಿಪಿಯಲ್ಲಿ ಅವರ ಹಾಗೆಯೇ ಬರೆದರೆ ಒಂದು ‘ಹೇಲಿಯೊಸ್’, ಇನ್ನೊಂದು ‘ಹೆಲಿಕ್ಸ್’. ಯಾರಿಗೂ ಮೋಸವಾಗದು. ಪದಗಳು ಮುಂದೆ ರೋಮನ್ ಲಿಪಿಗೆ ಬಂದವು. ಅಲ್ಲಿ ಇರುವುದು ಒಂದೇ ‘ಇ’. ಉದ್ದದ್ದೂ ಗಿಡ್ಡದ್ದೂ ಅದರೊಳಗೇ ತೂರಿಕೊಳ್ಳಬೇಕಾಯಿತು. ಹೀಗಾಗಿ ಇಂಗ್ಲಿಷ್ ನಿಘಂಟಿನಲ್ಲಿ ಹೀಲಿಯಂ, ಹೆಲಿಕ್ಸ್, ಹೆಲಿಪ್ಯಾಡ್ ಒಂದೇ ಪುಟದಲ್ಲಿ ಅಣ್ಣತಮ್ಮಂದಿರ ಹಾಗೆ ಕುಳಿತಿವೆ. ಇಂಗ್ಲಿಷರು ಉಚ್ಚರಿಸುವ ರೀತಿ ನೋಡಿಯಾದರೂ ತಿಳಿಯಬಹುದೇ ಎಂದರೆ ಅದೂ ಇಲ್ಲ. ಹೆಲಿಕ್ಸನ್ನು ಅವರು ‘ಹೀಲಿಕ್ಸ್’ ಎಂದೇ ಎಳೆಯುತ್ತಾರೆ.

ಅದೇ ಪುಟದಲ್ಲಿ ಮೂರನೆಯವಳೂ ಒಬ್ಬಳಿದ್ದಾಳೆ. ಕೆಂಪು-ಹಳದಿ ಕೊಕ್ಕುಗಳನ್ನು ಪೋಣಿಸಿದಂತೆ ಹೂ ಬಿಡುವ, ಬಾಳೆಯಂಥ ಎಲೆಯ ಹೆಲಿಕೋನಿಯಾ. ಮಲೆನಾಡಿನ ಎಷ್ಟೋ ಮನೆಗಳ ಅಂಗಳದಲ್ಲಿ ಬೆಳೆಸಿರುತ್ತಾರೆ. ಅದರ ಹೆಸರು ಬಂದದ್ದು ಗ್ರೀಸಿನ ಹೆಲಿಕಾನ್ ಎಂಬ ಬೆಟ್ಟದಿಂದ. ಬೇಲಿಯ ಬುಡದಲ್ಲಿ ಬೆಳೆಯುವ ಚೇಳುಕೊಂಡಿ ಗಿಡದ ವೈಜ್ಞಾನಿಕ ಹೆಸರು ಹೀಲಿಯೋಟ್ರೋಪಿಯಂ. ಹೆಸರು ಸೂರ್ಯನದು, ಹೂಗೊಂಚಲೋ ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿದೆ! ಕನ್ನಡದ ಹೆಸರಿಟ್ಟವರು ಗಿಡವನ್ನು ಹೆಚ್ಚು ಹತ್ತಿರದಿಂದ ನೋಡಿದ್ದರು ಎನ್ನಬೇಕು.

ಸೂರ್ಯ ಮತ್ತು ಸುರುಳಿ ನಿಜವಾಗಿ ಒಟ್ಟಿಗೆ ಕೆಲಸ ಮಾಡಿದ್ದು ಮಂಗಳ ಗ್ರಹದಲ್ಲಿ. ಇಂಜೆನ್ಯುಯಿಟಿ ಎಂಬ 1.8 ಕಿಲೋ ತೂಕದ ಪುಟ್ಟ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಅಲ್ಲಿ ಮೇಲೆದ್ದಿತು. ಮಂಗಳದ ಗಾಳಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟೇ ದಟ್ಟ. ಅದಕ್ಕಾಗಿ ರೆಕ್ಕೆಗಳನ್ನು ನಿಮಿಷಕ್ಕೆ 2400 ಸುತ್ತಿಗೂ ಹೆಚ್ಚು ವೇಗದಲ್ಲಿ ತಿರುಗಿಸಬೇಕಿತ್ತು. ನೆತ್ತಿಯ ಮೇಲಿನ ಸೌರಫಲಕ ಬಿಸಿಲನ್ನು ಬ್ಯಾಟರಿಗೆ ತುಂಬುತ್ತಿತ್ತು, ಬ್ಯಾಟರಿ ರೆಕ್ಕೆ ತಿರುಗಿಸುತ್ತಿತ್ತು. ಐದು ಸಲ ಹಾರಿದರೆ ಸಾಕು ಎಂದು ಕಳಿಸಿದ್ದರು. 2024ರ ಜನವರಿಯಲ್ಲಿ ರೆಕ್ಕೆ ಮುರಿಯುವ ತನಕ ಅದು 72 ಸಲ ಹಾರಿತು. ಹೀಲಿಯಂ ಮಾತ್ರ ಅದರಲ್ಲೂ ಇರಲಿಲ್ಲ.

ಇನ್ನು ನಿಮಗೊಂದು ಕೆಲಸ. ಟೆಲಿಫೋನ್, ಟೆಲಿಸ್ಕೋಪ್, ಟೆಲಿವಿಷನ್ ಎಂಬ ಮೂರನ್ನೂ ನಮ್ಮವರು ದೂರವಾಣಿ, ದೂರದರ್ಶಕ, ದೂರದರ್ಶನ ಎಂದು ಕರೆದಿದ್ದಾರೆ. ಆದ್ದರಿಂದ ‘ಟೆಲಿ’ ಎಂದರೆ ದೂರ ಎಂದು ತಿಳಿಯಿತು. ಬಂಗುಡೆ, ಭೂತಾಯಿ, ರೋಹು, ಕಾಟ್ಲಾ ಎಲ್ಲವೂ ಸೇರುವ ಮೀನುಗಳ ದೊಡ್ಡ ಗುಂಪಿಗೆ ಟೆಲಿಯಾಸ್ಟ್ ಎಂದು ಹೆಸರು. ಶಾರ್ಕ್ ಈ ಗುಂಪಿಗೆ ಸೇರುವುದಿಲ್ಲ. ಕೊನೆಯ ‘ಆಸ್ಟ್’ ಎಂದರೆ ಎಲುಬು. ಹಾಗಾದರೆ ಭೂತಾಯಿ ಮೀನಿನೊಳಗೆ ‘ದೂರದ ಎಲುಬು’ ಇದೆಯೇ? ಗ್ರೀಕರ ಗಿಡ್ಡ ‘ಎ’, ಉದ್ದ ‘ಏ’ ನೆನಪಿಟ್ಟುಕೊಂಡು ಶಾಲೆಯ ದೊಡ್ಡ ಇಂಗ್ಲಿಷ್ ನಿಘಂಟು ತೆಗೆಯಿರಿ, ಶಾರ್ಕಿನ ಅಸ್ಥಿಪಂಜರ ಯಾವುದರಿಂದ ಆಗಿದೆ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿ, ಆಮೇಲೆ ಬಿಡಿಸಿ ಬರೆಯಿರಿ.